ಗೆಣಸಿನ ಮೂರನೇ ಟ್ರೇ

ನನ್ನ ಹೆಂಡತಿಗೆ ಜ್ವರ ಬಿಟ್ಟು ಐದು ವಾರವಾಯಿತು. ಹಾಳು ಜ್ವರ ತಾನೊಂದೇ ಹೋಗಲಿಲ್ಲ, ಅವಳ ಮೂಗು, ನಾಲಿಗೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಅನ್ನ, ಬ್ರೆಡ್ಡು, ಬಾಳೆಹಣ್ಣು ಎಲ್ಲವೂ ಅವಳಿಗೆ ಒದ್ದೆ ಹತ್ತಿ. ಎರಡು ಚಮಚ ಇಳಿದರೆ ಅದೇ ಹೆಚ್ಚು. ಕೈಬಳೆ ಮೊಣಕೈವರೆಗೂ ಜಾರುತ್ತದೆ. "ಸೋಮವಾರದೊಳಗೆ ತಾವಾಗಿ ತಿನ್ನೋಕೆ ಶುರು ಮಾಡದಿದ್ರೆ ಆಸ್ಪತ್ರೆಗೆ ಸೇರಿಸಿ, ಮೂಗಿನಿಂದ ಟ್ಯೂಬ್ ಹಾಕೋಣ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇವತ್ತು ಭಾನುವಾರ, ಮಧ್ಯಾಹ್ನ ಎರಡು ಗಂಟೆ.

ಬೆಳಿಗ್ಗೆ ಅವಳೇ ಒಂದು ಮಾತು ಹೇಳಿದ್ದಳು. "ರುಚಿ ಅಂತೂ ಇಲ್ಲ. ಬಾಯಲ್ಲಿ ಸದ್ದಾದ್ರೂ ಆಗೋ ಅಂಥದ್ದು ಏನಾದ್ರೂ ಕೊಡ್ರೀ. ಬಿಸ್ಕತ್ತು ಮಾತ್ರ ಬೇಡ, ಮಣ್ಣು ತಿಂದ ಹಾಗಾಗತ್ತೆ."

ಸದ್ದು ಬೇಕು, ಆದರೆ ಎಣ್ಣೆಯಲ್ಲಿ ಕರಿದದ್ದು ಅವಳ ಹೊಟ್ಟೆಗೆ ಆಗುವುದಿಲ್ಲ. ಅವಳ ತಂಗಿಗೆ, ಅಂದರೆ ನನ್ನ ನಾದಿನಿಗೆ ಫೋನ್ ಮಾಡಿದೆ. ಅವಳು ಒಂದು ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳುವವಳು, ಮುನ್ನೂರು ಮಕ್ಕಳನ್ನು ಹೆದರಿಸಿ ಉಣಿಸಿದವಳು. ಮನೆಯಲ್ಲಿ ಏನಿದೆ ಎಂದು ಕೇಳಿದಳು. ನಾಲ್ಕು ಗೆಣಸಿದೆ ಎಂದೆ.

"ಸಾಕು ಭಾವ. ಬೆರಳಿಗಿಂತ ತೆಳ್ಳಗೆ ಕಡ್ಡಿ ಕಡ್ಡಿಯಾಗಿ ಹೆಚ್ಚಿ. ಅರ್ಧ ಗಂಟೆ ನೀರಲ್ಲಿ ಹಾಕಿ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಂದು ಚೂರೂ ಪಸೆ ಇರಬಾರದು. ಸ್ವಲ್ಪ ಕಾರ್ನ್‌ಫ್ಲೋರ್, ಎರಡು ಚಮಚ ಎಣ್ಣೆ. ಟ್ರೇಯಲ್ಲಿ ಬಿಡಿಬಿಡಿಯಾಗಿ ಹರಡಿ, ಬಿಸಿ ಓವನ್ನಿಗೆ. ಉಪ್ಪು ಕೊನೆಗೆ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದೆ. ಮಾತು ಕಿವಿಗೆ ಬಿತ್ತು, ಕೈಗೆ ಮಾತ್ರ ಇಳಿಯಲಿಲ್ಲ.

ನನ್ನ ಕೈಯ ಕಥೆ ಹೇಳಬೇಕು. ಮನೆ ಬದಲಾಯಿಸುವವರ ಸಾಮಾನು ಪ್ಯಾಕ್ ಮಾಡುವುದು ನನ್ನ ಕೆಲಸ, ಇಪ್ಪತ್ತಾರು ವರ್ಷದಿಂದ. ಡಬ್ಬದಲ್ಲಿ ಜಾಗ ಬಿಟ್ಟರೆ ಸಾಮಾನು ಅಲ್ಲಾಡುತ್ತದೆ, ಅಲ್ಲಾಡಿದರೆ ಒಡೆಯುತ್ತದೆ. ಹಾಗಾಗಿ ಎಲ್ಲಿ ಸಂದಿ ಕಂಡರೂ ನನಗೆ ಮೈ ಉರಿಯುತ್ತದೆ. ಕಾಗದದ ಉಂಡೆಯೋ, ಹಳೇ ಕಾಲುಚೀಲವೋ, ಏನಾದರೂ ತುರುಕಲೇಬೇಕು. ಜೊತೆಯವರು ನನ್ನನ್ನು 'ಬಿರಡೆ' ಎಂದೇ ಕರೆಯುತ್ತಾರೆ. ಹೆಂಡತಿಯನ್ನೂ ಹಾಗೆಯೇ ಮಲಗಿಸಿದ್ದೆ, ಆ ಕಡೆ ಎರಡು ದಿಂಬು, ಈ ಕಡೆ ಎರಡು, ಕಾಲಡಿ ಒಂದು, ಮೇಲೆ ಎರಡು ಕಂಬಳಿ. ಅವಳು ದಿಂಬು ತಳ್ಳುತ್ತಿದ್ದಳು, ನಾನು ಮತ್ತೆ ಇಡುತ್ತಿದ್ದೆ.

ಎರಡು ಗೆಣಸು ಹೆಚ್ಚಿದೆ. ನೀರಲ್ಲಿ ಹಾಕಿದ ಆ ಅರ್ಧ ಗಂಟೆ ಕೂತಲ್ಲಿ ಕೂರಲಾಗಲಿಲ್ಲ. ಕೋಣೆಗೆ ಹೋಗಿ "ನೀರು ಬೇಕಾ?" ಎಂದೆ. ಅಡುಗೆಮನೆಗೆ ಬಂದೆ. ಮತ್ತೆ ಹೋಗಿ "ಕಿಟಕಿ ಹಾಕ್ಲಾ?" ಎಂದೆ. ಮೂರನೇ ಸಲ ಬಾಗಿಲಲ್ಲಿ ನಿಂತಾಗ ಅವಳು ಕಣ್ಣು ಮುಚ್ಚಿಕೊಂಡೇ, "ಈಗೇನು, ಗೋಡೆಗೆ ಸುಣ್ಣ ಬಳೀತೀರಾ?" ಎಂದಳು.

ಕಡ್ಡಿಗಳನ್ನು ಒರೆಸಿ, ಹಿಟ್ಟು ಎಣ್ಣೆ ಸವರಿ, ಟ್ರೇಯಲ್ಲಿ ಜೋಡಿಸಿದೆ. ಉದ್ದದವು ಉದ್ದಕ್ಕೆ, ಗಿಡ್ಡವು ಮೂಲೆಗೆ, ಚೂರುಗಳು ಸಂದಿಗೆ. ಗಾಳಿಗೂ ಜಾಗವಿರಲಿಲ್ಲ. ಎರಡು ಗೆಣಸು ಒಂದೇ ಟ್ರೇಯಲ್ಲಿ ಕೂತದ್ದು ನೋಡಿ ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ಇಪ್ಪತ್ತೈದು ನಿಮಿಷದ ಮೇಲೆ ತೆಗೆದರೆ ಮುಖಕ್ಕೆ ಬುಸ್ಸೆಂದು ಹಬೆ. ಒಂದನ್ನು ಎತ್ತಿದೆ, ಅದು ಬಳುಕಿ ಬೆರಳ ಮೇಲೆ ಬಿದ್ದುಕೊಂಡಿತು. ಪಿಚಪಿಚ.

ಆದರೂ ತಟ್ಟೆಗೆ ಹಾಕಿ ಕೊಟ್ಟೆ. ಅವಳು ಒಂದನ್ನು ಕಚ್ಚಿದಳು, ಕಿವಿಗೊಟ್ಟಳು, ತಟ್ಟೆ ಪಕ್ಕಕ್ಕಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಮೂರನೇ ಗೆಣಸು ಹೆಚ್ಚಿದೆ. ನೀರಲ್ಲಿ ಹತ್ತೇ ನಿಮಿಷ ಇಟ್ಟೆ, ಅಷ್ಟಕ್ಕಿಂತ ಕಾಯುವ ತಾಳ್ಮೆ ಉಳಿದಿರಲಿಲ್ಲ. ಒಂದೇ ಗೆಣಸಾದ್ದರಿಂದ ಟ್ರೇಯ ಅರ್ಧ ಖಾಲಿ ಬಿತ್ತು. ಆ ಖಾಲಿ ಅರ್ಧವನ್ನು ಹಾಗೇ ಬಿಟ್ಟು, ಕಡ್ಡಿಗಳನ್ನೆಲ್ಲ ಒಂದು ಕಡೆಗೆ ಒತ್ತಿ ಜೋಡಿಸಿದ್ದು ನನಗೇ ತಿಳಿಯಲಿಲ್ಲ. ಓವನ್ನಿನ ಮುಂದೆ ನಿಂತು ಬಾಗಿಲು ತೆಗೆದು ನೋಡಿದೆ, ಮುಚ್ಚಿದೆ, ಮತ್ತೆ ತೆಗೆದೆ. ಇದೂ ಮೆತ್ತಗಾಯಿತು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಆ ಟ್ಯೂಬು ಅವಳ ಮೂಗಿನೊಳಗೆ ಇಳಿಯುವುದು ಕಣ್ಣಿಗೆ ಕಟ್ಟಿತು. ನನಗೆ ಭಯವಾಗಿತ್ತು. ಅವಳು ಹೀಗೇ ಸವೆದು ಸವೆದು ಹೋಗಿಬಿಡುತ್ತಾಳೆ ಎಂಬ ಭಯ.

ನಾದಿನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ಭಾವ, ಇದೇನು ಬೆಂಕಿಪೊಟ್ಟಣನಾ?"

"ನೀಟಾಗಿ ಜೋಡಿಸಿದೀನಲ್ಲ?"

"ನೀಟಾಗಿ ಕೊಂದಿದೀರ! ಬಿಡಿಬಿಡಿಯಾಗಿ ಅಂದ್ನಲ್ಲ? ಹೀಗೆ ಒತ್ತಿಟ್ರೆ ಒಂದರ ಹಬೆಯಲ್ಲಿ ಇನ್ನೊಂದು ಬೇಯತ್ತೆ. ಗರಿಗರಿ ಹೇಗಾಗತ್ತೆ? ಒಂದಕ್ಕೊಂದು ತಾಗಲೇಬಾರದು. ಬಾಗಿಲು ಎಷ್ಟು ಸಲ ತೆಗೆದ್ರಿ?"

"ಒಂದ್ಸಲ."

"ಭಾವ."

"ಏಳು."

ಅವಳು ನಿಟ್ಟುಸಿರು ಬಿಟ್ಟಳು. ಆಮೇಲೆ ದನಿ ತಗ್ಗಿಸಿ, "ಅಕ್ಕನ್ನೂ ಹೀಗೇ ನೋಡ್ಕೋತಿದೀರ ತಾನೆ?" ಎಂದಳು.

ಕೋಪ ನೆತ್ತಿಗೇರಿತು. ಫೋನ್ ಇಟ್ಟುಬಿಟ್ಟೆ. ಕೋಪದಲ್ಲೇ ಕೋಣೆಗೆ ಹೋಗಿ ನೋಡಿದೆ. ದಿಂಬುಗಳ ನಡುವೆ ಅವಳ ಮುಖವಷ್ಟೇ ಕಾಣುತ್ತಿತ್ತು, ಹಣೆಯ ಮೇಲೆಲ್ಲ ಬೆವರು. ಒಂದೊಂದಾಗಿ ದಿಂಬು ತೆಗೆದೆ, ಒಂದು ಕಂಬಳಿ ಮಡಚಿಟ್ಟೆ. ಅವಳು ಕೈಕಾಲು ಅಗಲಿಸಿ ಮಲಗಿದಳು. "ಅಬ್ಬಾ" ಎಂದಳು, ಅಷ್ಟೇ.

ಉಳಿದದ್ದು ಒಂದೇ ಗೆಣಸು. ಹೆಚ್ಚಿದೆ, ಅರ್ಧ ಗಂಟೆ ಪೂರ್ತಿ ನೆನೆಸಿದೆ, ಒಂದೊಂದು ಕಡ್ಡಿಯನ್ನೂ ಕೂಸಿನ ಮೈ ಒರೆಸುವ ಹಾಗೆ ಒರೆಸಿ, ಹಿಟ್ಟು ಎಣ್ಣೆ ಸವರಿದೆ. ಟ್ರೇಯಲ್ಲಿ ಇಡುವಾಗ ನಡುವೆ ಎರಡೆರಡು ಬೆರಳು ಜಾಗ ಬಿಟ್ಟೆ. ಹದಿನಾಲ್ಕು ಕಡ್ಡಿಗೆ ಟ್ರೇ ತುಂಬಿತು. ಅರ್ಧ ಗೆಣಸಿನ ಕಡ್ಡಿ ಬಟ್ಟೆಯ ಮೇಲೇ ಉಳಿಯಿತು. ಆ ಖಾಲಿ ಜಾಗ ನೋಡಿದರೆ ಹಲ್ಲು ಕಡಿಯುವಂತಾಗುತ್ತಿತ್ತು. ಓವನ್ನಿಗೆ ಹಾಕಿ, ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೆ. ನಡುವೆ ಒಂದೇ ಸಲ ಬಾಗಿಲು ತೆಗೆದು ಕಡ್ಡಿಗಳನ್ನು ಮಗುಚಿದೆ.

ಅಂಚು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಉಪ್ಪು ಉದುರಿಸಿ ಕೊಟ್ಟೆ. ಪಕ್ಕದಲ್ಲೇ ಕೂತೆ.

"ನೀವು ಹೀಗೆ ಬಾಯಿ ನೋಡ್ತಾ ಕೂತ್ರೆ ನಂಗೆ ನುಂಗೋಕಾಗಲ್ಲ" ಎಂದಳು.

ಎದ್ದು ಬಂದೆ. ಅಡುಗೆಮನೆಯ ಗೋಡೆಗೆ ಒರಗಿ ನಿಂತೆ. ಏನೂ ಕೇಳಿಸಲಿಲ್ಲ. ಹೋಗಿ ನೋಡಲೇ ಎಂದು ಎರಡು ಸಲ ಹೆಜ್ಜೆ ಎತ್ತಿ, ಎರಡು ಸಲವೂ ಇಳಿಸಿದೆ.

ಕರುಂ.

ಆಮೇಲೆ ಇನ್ನೊಂದು. ಮತ್ತೆ ಎರಡು ಒಟ್ಟಿಗೆ. ನಾನು ಹಾಗೇ ನೆಲದ ಮೇಲೆ ಕುಸಿದು ಕೂತೆ. ಕೈಯಿಂದಲೇ ಮುಖ ಒರೆಸಿಕೊಂಡೆ, ಮುಖಕ್ಕೆಲ್ಲ ಕಾರ್ನ್‌ಫ್ಲೋರ್ ಮೆತ್ತಿತು.

"ರೀ," ಒಳಗಿಂದ ಕೂಗಿದಳು, "ಅಷ್ಟು ದೊಡ್ಡ ಟ್ರೇಯಲ್ಲಿ ಇಷ್ಟೇನಾ ಹಿಡಿಯೋದು?"

ಕೆಲಸದಲ್ಲಿ ಯಾರಾದರೂ ಈ ಮಾತು ಕೇಳಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ.

"ಹೂಂ ಕಣೇ, ಇಷ್ಟೇ."

"ಹಾಗಾದ್ರೆ ಇನ್ನೊಂದು ಟ್ರೇ ಇಡಿ."

ಬಟ್ಟೆಯ ಮೇಲೆ ಅರ್ಧ ಗೆಣಸಿನ ಕಡ್ಡಿ ಇನ್ನೂ ಇತ್ತು. ಜಾಗ ಬಿಟ್ಟಿದ್ದಕ್ಕೇ ಅದು ಉಳಿದಿತ್ತು.