ಚರಿಗಿ ಹಿಡಿದು ಹೊರಟ ನಮ್ಮತ್ತೆ

ಗಂಡಸರಿಗೆ ಊರಬಾಗಿಲ ಅಗಸಿ ಕಟ್ಟೆ ಹೇಗೋ ನಮ್ಮ ಕುರುಗೋಡಿನ ಓಣಿಯ ಹೆಂಗಸರಿಗೆ ಬೆಳಗಿನ ಬಯಲು ಹಾಗೆ. ಈಗಿನ ಹುಡುಗಿಯರಿಗೆ ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತಾರೆ, ಮುಚ್ಚಿಕೊಳ್ಳಲಿ. ಎಪ್ಪತ್ತನಾಲ್ಕರ ಮಾತು ಇದು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಕೈಯಲ್ಲೊಂದು ನೀರಿನ ಚರಿಗಿ ಹಿಡಿದು, ಎಲ್ಲರೂ ಕೂಡಿ ಜಾಲಿ ಗಿಡಗಳ ಮರೆಗೆ ಹೋಗಿಬರುತ್ತಿದ್ದೆವು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಸೊಸೆ ತವರಿಗೆ ಹೋಗಿ ಕೂತಳು, ಎಲ್ಲ ನ್ಯಾಯವೂ ತೀರ್ಮಾನವಾಗುತ್ತಿದ್ದುದು ಆ ದಾರಿಯಲ್ಲೇ. ಆ ಗುಂಪಿನ ಯಜಮಾನಿ ನಮ್ಮತ್ತೆ ಕೊಟ್ರಬಸಮ್ಮ. ಎಪ್ಪತ್ತು ದಾಟಿದ್ದರೂ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ಅವರಿಗೆ ವಿಷಮಜ್ವರ ಬಂತು. ಜ್ವರ ಬಿಟ್ಟಿತು, ಆದರೆ ನನ್ನ ಗಂಡ ಗವಿಸಿದ್ದಪ್ಪ ಬಿಡಲಿಲ್ಲ. ತಾಯಿ ಎಂದರೆ ಅವರಿಗೆ ಜೀವ.

“ಯವ್ವಾ, ಕೆಳಗ ಕಾಲಿಟ್ಟಿ ಅಂದ್ರ ದೊಡ್ಡಬಸವಣ್ಣನ ಆಣಿ ಐತಿ ನೋಡು. ದುಡಿದದ್ದು ಸಾಕು, ಇನ್ನ ಆರಾಮ ಮಕ್ಕೊ” ಎಂದುಬಿಟ್ಟರು.

ಸಿರುಗುಪ್ಪದಿಂದ ಅತ್ತೆಯ ತವರಿನವರು ಬಾಳೆಹಣ್ಣು ಹಿಡಿದು ನೋಡಲು ಬಂದು, “ವಯಸ್ಸಾತಲ್ಲ, ಇನ್ನ ಹಿಂಗ” ಎಂದು ಹೋದರು. ದೀಪಾವಳಿ ಬರುವಷ್ಟರಲ್ಲಿ ಅತ್ತೆಯ ತೊಡೆಗಳು ಕರಗಿ ನನ್ನ ತೋಳಿನಷ್ಟಾಗಿದ್ದವು. ಮಲಗುವ ಹೊರಸಿನಿಂದ ಏಳಲು ಬಾರದು. ನಾನೇ ಹಿತ್ತಲಿಗೆ ನಡೆಸಿಕೊಂಡು ಹೋಗಿ, ಕಂಕುಳಿಗೆ ಕೈ ಕೊಟ್ಟು ಕೂರಿಸಬೇಕು, ಮತ್ತೆ ಎತ್ತಬೇಕು. ಆ ಹೊತ್ತಿನಲ್ಲಿ ಅವರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಊರಿಗೆಲ್ಲ ‘ಲೇ’ ಅನ್ನುತ್ತಿದ್ದವರು ನನ್ನ ಮುಖ ನೋಡಲೂ ನಾಚುತ್ತಿದ್ದರು.

ಕೆಲವು ದಿನಗಳಾದ ಮೇಲೆ ಅವರು ಊಟ ಬೇಡವೆನ್ನತೊಡಗಿದರು. ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸುವರು, ನೀರನ್ನಂತೂ ಮುಟ್ಟುತ್ತಲೇ ಇರಲಿಲ್ಲ.

“ಅತ್ತಿ, ಯಾಕ್ರಿ ಉಣವಲ್ರಿ?” ಎಂದು ಕೇಳಿದೆ.

“ಉಂಡ್ರ ಹೋಗಬೇಕಾಗತೈತಲ್ಲವ್ವ ಅಕ್ಕನಾಗಿ” ಎಂದು ನನ್ನ ಹೆಸರು ಹಿಡಿದು ಅಂದರು. “ಹಿಂಗ ನಿನ್ನ ಕೈಲೆ ಎತ್ತಿಸಿಕೊಳ್ಳೂದಕಿಂತ ಸತ್ತು ಹೋಗೂದು ಚಲೋ.”

ಈ ಮುದುಕಿ ನಾಚಿಕೆಗಂಜಿ ಉಪವಾಸ ಸಾಯುತ್ತಾಳಲ್ಲ ಎಂದು ನನಗೆ ಹೆದರಿಕೆಯಾಯಿತು. ಅಂದು ನಾನು ಗಂಡನ ಮೇಲೆ ಹರಿಹಾಯ್ದ ಪರಿಗೆ ಅವರು ಮರುದಿನ ಮೊದಲ ಬಸ್ಸಿಗೇ ನಮ್ಮಿಬ್ಬರನ್ನೂ ಬಳ್ಳಾರಿಗೆ ಕರೆದುಕೊಂಡು ಹೋದರು.

ಅಲ್ಲಿಯ ಆಸ್ಪತ್ರೆಯ ಡಾಕ್ಟರಮ್ಮ ಆದೋನಿ ಕಡೆಯ ತೆಲುಗಿನವರು. ಅತ್ತೆಯ ತೊಡೆ ಹಿಚುಕಿ ನೋಡಿ, ತಮ್ಮ ಅರೆಬರೆ ಕನ್ನಡದಲ್ಲಿ ನನ್ನ ಗಂಡನಿಗೆ ಹೇಳಿದರು: “ಈಕೆಗೆ ರೋಗ ಏನೂ ಇಲ್ಲಪ್ಪಾ. ಮಲಗಿಸಿ ಮಲಗಿಸಿ ನೀವೇ ಖಂಡ ಎಲ್ಲಾ ಕರಗಿಸಿದೀರಿ.” ಗಂಡನ ಮುಖ ಹುಳ್ಳಗಾಯಿತು. ಆಮೇಲೆ ಅತ್ತೆಯನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ತಾವು ಎದುರಿಗೆ ನಿಂತು ಕೂಗಿದರು: “ಲೇ ಅಮ್ಮಾ, ಲೇ! ಲೇ!”

ತೆಲುಗಿನಲ್ಲಿ ‘ಲೇ’ ಎಂದರೆ ಏಳು ಎಂದು ನಮ್ಮ ಕಡೆಯ ಕೂಸಿಗೂ ಗೊತ್ತು. ಬಳೆಗಾರನೊಡನೆ ಚೌಕಾಸಿ ಮಾಡುವಷ್ಟು ತೆಲುಗು ಅತ್ತೆಗೂ ಬರುತ್ತಿತ್ತು. ಆದರೆ ಅಂದು ನೊಂದು ಕುದಿಯುತ್ತಿದ್ದ ಆ ಜೀವಕ್ಕೆ ತೆಲುಗು ಎಲ್ಲಿ ನೆನಪಾಗಬೇಕು? ಕಿವಿ ಬೇರೆ ಸ್ವಲ್ಪ ಮಂದ. ಕೇಳಿಸಿದ್ದು ‘ಲೇ’ ಒಂದೇ.

“ಯಾರಿಗೆ ಲೇ ಅಂತಿ?” ಅತ್ತೆಯ ದನಿಗೆ ಗೋಡೆಯ ಕ್ಯಾಲೆಂಡರೂ ಅಲುಗಿರಬೇಕು. “ಕೈ ಹಿಡಿದ ಗಂಡ ಸೈತ ನನಗ ಲೇ ಅಂದಿಲ್ಲ! ನಿಮ್ಮವ್ವಗ ಹಿರೇಕಿ ಅದೀನಿ ನಾನು!”

ಹಾಗೆಂದು ಬೆರಳು ತೋರಿಸುತ್ತಾ ಎದ್ದು ನಿಂತೇಬಿಟ್ಟರು. ಯಾರ ಕೈಯನ್ನೂ ಹಿಡಿಯದೆ, ಯಾವುದಕ್ಕೂ ಆನದೆ! ನಾನು ಬಾಯಿ ತೆರೆದು ನೋಡುತ್ತಿದ್ದೆ. ಡಾಕ್ಟರಮ್ಮ ಚಪ್ಪಾಳೆ ತಟ್ಟಿ ನಕ್ಕರು. ಗಂಡ ಅರ್ಥ ಬಿಡಿಸಿ ಹೇಳಿದಾಗ ಅತ್ತೆ ತಮ್ಮ ಕಾಲುಗಳನ್ನೇ ನೋಡಿಕೊಂಡರು. ನಂಬಿಕೆ ಬರಲಿಲ್ಲವೋ ಏನೋ, ಸ್ಟೂಲಿನ ಮೇಲೆ ಕೂತು ಇನ್ನೊಮ್ಮೆ ಏಳಲು ನೋಡಿದರು. ಈ ಸಲ ಆಗಲಿಲ್ಲ. ಆದರೆ ಹಟ ಮಾತ್ರ ಆಗಲೇ ಎದ್ದಿತ್ತು.

ಡಾಕ್ಟರಮ್ಮ ಗುಳಿಗೆ ಬರೆಯಲಿಲ್ಲ. ದಿನಾ ಹೀಗೆ ಕೂತು ಏಳಬೇಕು, ಬರಬರುತ್ತಾ ಕೂರುವ ಜಾಗ ತಗ್ಗಾಗಬೇಕು, ಹೆಸರುಕಾಳು, ಶೇಂಗಾ, ಹಾಲು ಹೊಟ್ಟೆ ತುಂಬ ತಿನ್ನಬೇಕು. ಇಷ್ಟೇ ಔಷಧಿ. ಎದುರಿಗೆ ನಿಂತು ‘ಲೇ’ ಅನ್ನುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಗೆ ಬೆಳಿಗ್ಗೆ ಸಂಜೆ ‘ಲೇ’ ಅನ್ನಲು ಡಾಕ್ಟರಿಂದಲೇ ಅಪ್ಪಣೆ ಪಡೆದ ಸೊಸೆ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇದ್ದಿರಬೇಕು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಗುತ್ತಿತ್ತು. ಅತ್ತೆ ಪ್ರತಿ ಸಲ ಏಳುವಾಗಲೂ ನನ್ನ ತವರು ಮನೆಯನ್ನು ಬೈಯುತ್ತಲೇ ಏಳುತ್ತಿದ್ದರು.

ಮೊದಲು ಹೊರಸಿನ ಅಂಚು. ಅದು ಸಲೀಸಾದ ಮೇಲೆ ಟ್ರಂಕು, ಆಮೇಲೆ ಹಿಂಡಿಯ ಚೀಲ, ಕೊನೆಗೆ ಊಟದ ಮಣೆ. ಮಣೆಗೆ ಬಂದಾಗ ಒಂದು ದಿನ ಆಯ ತಪ್ಪಿ ಹಿಂದಕ್ಕೆ ಬಿದ್ದರು. ನನ್ನ ಗಂಡ ಓಡಿ ಬಂದು, “ಸಾಕು ಬಿಡ ಯವ್ವಾ, ನಿನ್ನ ಕೈಲೆ ಆಗೂದಿಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಅತ್ತೆ ನೆಲದ ಮೇಲೆ ಕೂತೇ ಗದರಿದರು. “ಲೇ ಗವಿಸಿದ್ದ, ನಡ್ಯಾಕ ಕಲಿಯೂ ಮುಂದ ನೀನೂ ಬಿದ್ದಿದ್ದಿ. ಬಿದ್ದ ಅಂತ ನಿನ್ನ ಹೊರಸಿಗೆ ಕಟ್ಟಿ ಹಾಕಿದ್ನೇನು? ಸುಮ್ನ ಹೊಲಕ್ಕ ಹೋಗು.”

ಅವರು ತೆಪ್ಪಗೆ ಹೊಲಕ್ಕೆ ಹೋದರು. ಅಂದಿನಿಂದ ಮನೆಯಲ್ಲಿ ಆಣೆಯ ಸುದ್ದಿ ಬರಲಿಲ್ಲ.

ಚಳಿ ಹಿಂದಾಗುವ ಹೊತ್ತಿಗೆ ಅತ್ತೆ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ಗೋಡೆ ಹಿಡಿಯದೆ ಏಳುತ್ತಿದ್ದರು. ಆದರೂ ಹಿತ್ತಲಿನ ಗೋಡೆ ಬೇರೆ, ಬಯಲು ಬೇರೆ. ಒಂದು ಸಂಜೆ, “ನಾಳೆ ನಾ ಹೊರಗ ಹೋಗಾಕಿ” ಎಂದರು. ಅಷ್ಟೂ ಜನರೆದುರು ಏಳಲಾಗದೆ ಕೂತುಬಿಟ್ಟರೆ ಈ ಜೀವ ಮತ್ತೆ ಅನ್ನ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವರ ಚರಿಗಿ ತೊಳೆದು ಬಾಗಿಲ ಬಳಿ ಇಟ್ಟೆ.

ಬೆಳಿಗ್ಗೆ ಅತ್ತೆ ಚರಿಗಿ ಹಿಡಿದು ಓಣಿಗೆ ಇಳಿದರು. “ಅಯ್ಯ ಶಿವನ, ಕೊಟ್ರಬಸಮ್ಮ ಬಂದ್ಲು!” ಎಂದು ಪಕ್ಕೀರಮ್ಮ ಕೂಗಿದರು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಓಣಿಗೆ ಬಂದ ಗೆಳತಿಯರು. ಹೆಂಗಸರೆಲ್ಲ ಸುತ್ತುಗಟ್ಟಿದರು. ಆರು ತಿಂಗಳ ಸುದ್ದಿಯನ್ನೆಲ್ಲ ದಾರಿಯಲ್ಲೇ ಅವರ ಮಡಿಲಿಗೆ ಸುರಿದರು. ಅತ್ತೆ ಎಲ್ಲರಿಗಿಂತ ಮುಂದೆ ನಡೆದರು.

ಜಾಲಿ ಗಿಡಗಳ ಹತ್ತಿರ ಬಂದಾಗ ನಾನು ಬೆನ್ನಿಗೆ ಹೋದೆ. “ನೀ ಅಲ್ಲೇ ನಿಲ್ಲು. ಬೇಕಾದ್ರ ಕರೀತೀನಿ” ಎಂದು ಮರೆಗೆ ಹೋದರು.

ಬೆನ್ನು ತಿರುಗಿಸಿ ನಿಂತೆ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದೆ. ಕೊನೆಗೆ ಸೀರೆ ಕೊಡವಿದ ಸಪ್ಪಳ ಕೇಳಿಸಿತು. ತಿರುಗಿದರೆ, ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ನನ್ನೆದುರಿಗೇ ನಿಂತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಚೆಯ ಗಿಡದ ಹಿಂದಿನಿಂದ ಪಕ್ಕೀರಮ್ಮನ ದನಿ ಬಂತು. “ಯವ್ವಾ ಅಕ್ಕನಾಗಿ, ಮಣಕಾಲು ಹಿಡಕೊಂಡೈತಿ. ಒಂಚೂರು ಕೈ ಕೊಡು ಬಾರವ್ವ.”

ನಾನು ಹೆಜ್ಜೆ ಎತ್ತಿದೆ. ಅತ್ತೆ ತಮ್ಮ ಚರಿಗಿಯನ್ನು ನನ್ನ ಕೈಗೆ ತುರುಕಿದರು.

“ಹಿಡಿ ಇದನ್ನ. ನಾ ಹೋಗ್ತೀನಿ.”

ಗಿಡದ ಹಿಂದಿನಿಂದ ಅವರ ಮಾತು ಕೇಳಿಸುತ್ತಿತ್ತು. “ಹೂಂ, ಬಿಗಿ ಹಿಡಿ ಪಕ್ಕೀರಿ. ಹೆದರಬ್ಯಾಡ, ನಾ ಅದೀನಿ.” ಆಮೇಲೆ ಇಬ್ಬರೂ ಹೊರಗೆ ಬಂದರು. ಪಕ್ಕೀರಮ್ಮನ ಭಾರವೆಲ್ಲ ನಮ್ಮತ್ತೆಯ ಹೆಗಲ ಮೇಲಿತ್ತು. ಅತ್ತೆ ನೆಟ್ಟಗೆ ನಿಂತಿದ್ದರು.

ನನಗೆ ಅಳು ಒತ್ತರಿಸಿ ಬಂತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಚರಿಗಿ. ಹರಿಯಲಿ ಎಂದು ಬಿಟ್ಟೆ.