ಇನ್ನೊಬ್ಬರು ಇಳಿಸಿಕೊಳ್ಳುತ್ತಿದ್ದಾರೆ

"ಕಾಲೆತ್ತು ವಸಂತಾ," ಎನ್ನುತ್ತಲೇ ಕೃಷ್ಣಮ್ಮ ಮೊದಲ ಬಕೆಟ್ ನೀರನ್ನು ನೆಲಕ್ಕೆ ಸುರಿದುಬಿಟ್ಟರು. ವಸಂತಾಳ ಗಂಡ ಹಯವದನನ ಹೆಣ ಹೊತ್ತವರು ಗಲ್ಲಿಯ ತಿರುವನ್ನೂ ದಾಟಿರಲಿಲ್ಲ. "ರಾಮ್ ನಾಮ್ ಸತ್ಯ ಹೈ" ಇನ್ನೂ ಕೇಳಿಸುತ್ತಿತ್ತು. ಹೆಣ ಹೊಸಿಲು ದಾಟಿದ ಕೂಡಲೇ ಮನೆ ತೊಳೆಯಬೇಕು, ಗಂಡಸರು ಹೆಣ ಸುಟ್ಟು ಹರಿಶ್ಚಂದ್ರ ಘಾಟ್‌ನಿಂದ ಮರಳುವುದರೊಳಗೆ ನೆಲ ಒಣಗಿರಬೇಕು. ಕೇದಾರ ಘಾಟ್ ಸುತ್ತಿನ ಕನ್ನಡದವರ ಮನೆಗಳಲ್ಲಿ ಈ ಕೆಲಸಕ್ಕೆ ಕೃಷ್ಣಮ್ಮನನ್ನು ಯಾರೂ ಕರೆಯಬೇಕಾಗಿರಲಿಲ್ಲ. ಅವರೇ ಬಕೆಟ್ ಹಿಡಿದು ಬರುತ್ತಿದ್ದರು.

ಹೊರಲು ನಾಲ್ಕು ಜನ ಸಿಗುವುದೇ ಕಷ್ಟವಾಗಿತ್ತು. ಡಾಕ್ಟರ್ ಗುರುಪ್ರಕಾಶ, ಮಠದಿಂದ ಇಬ್ಬರು, ಕೊನೆಗೆ ಮನೆಯ ಮಾಲೀಕ. ಇಡೀ ಆಯಸ್ಸು ಒಂದೇ ಊರಿನಲ್ಲಿ ಕಳೆದ ಗಂಡನಿಗೆ ಇಷ್ಟೇ ಜನವೇ ಎಂದು ವಸಂತಾಳಿಗೆ ನಾಚಿಕೆಯಾಗಿತ್ತು. ಸತ್ತವನ ಮೇಲೆ ಸಿಟ್ಟೂ ಬಂದಿತ್ತು.

ನೀರು ಮೂಲೆಯ ಮೇಜಿನತ್ತ ಹರಿಯಿತು. ಅಲ್ಲಿ ನೆಲದ ಮೇಲೆ ಹಯವದನನ ಕಂಪ್ಯೂಟರಿನ ಪೆಟ್ಟಿಗೆ ಗುಂಯ್ ಎನ್ನುತ್ತ ಕೂತಿತ್ತು. ನಿನ್ನೆಯಿಂದ ಅದನ್ನು ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

"ಅರೆ, ಇದರ ಬಿಜಲಿ ಬಂದ್ ಮಾಡೇ. ನೀರು ತಾಗಿದ್ರೆ ಇನ್ನೊಂದು ಹೆಣ ಬೀಳತ್ತೆ," ಎಂದರು ಕೃಷ್ಣಮ್ಮ.

ವಸಂತಾ ಸ್ವಿಚ್ಚಿನ ಮೇಲೆ ಕೈಯಿಟ್ಟಳು. ಸವತಿಯಂಥ ಈ ಪೆಟ್ಟಿಗೆಯ ಕತ್ತು ಹಿಸುಕಬೇಕೆಂದು ಅವಳು ಎಷ್ಟು ಸಲ ಅಂದುಕೊಂಡಿರಲಿಲ್ಲ!

"ಆಂಟಿ, ಒಂದ್ನಿಮಿಷ." ಅದಿತಿ ಪರದೆಯತ್ತ ಬಗ್ಗಿದ್ದಳು. ಮೈಸೂರಿನಿಂದ ಸಂಶೋಧನೆಗೆ ಬಂದು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಅವಳು. "ಇನ್ನೊಬ್ಬರು ಇಳಿಸಿಕೊಳ್ತಾ ಇದಾರೆ, ಡೌನ್‌ಲೋಡ್ ನಡೀತಿದೆ."

* * *

ಹಯವದನ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಫೋಟೋ ತೆಗೆಯುವ ಕೆಲಸದಲ್ಲಿದ್ದವನು. ಒಂದು ದಿನ ಗುಜರಿ ಅಂಗಡಿಯಿಂದ ಹಲಗೆಯೊಂದನ್ನು ಹೊತ್ತು ತಂದ. ಕಾಸು ಹಾಕಿ ಆಡುವ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಯ ಪಕ್ಕದ ಹಲಗೆ ಅದು. ಅದರ ಮೇಲೆ ನೀಲಿ ಹುಲಿಯ ಮೇಲೆ ಕೂತ ಹೆಣ್ಣು, ಅವಳ ಮುಷ್ಟಿಯಲ್ಲಿ ಮಿಂಚು.

"ಆಟ ಎಲ್ಲರಿಗೂ ನೆನಪಿರತ್ತೆ. ಈ ಚಿತ್ರ ಬರೆದವನು ಯಾರು ಅಂತ ಕೇಳೋರೇ ಇಲ್ಲ ನೋಡು," ಎಂದಿದ್ದ.

ಅಲ್ಲಿಂದ ಅದೇ ಹುಚ್ಚು. ಸಿಕ್ಕಿದ ಇಂಥ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿದ, ಪರದೇಶದ ಮಂದಿ ಕಳಿಸಿದ್ದನ್ನೂ ಸೇರಿಸಿದ, ಗೀರು ಬಿದ್ದಲ್ಲಿ ಚುಕ್ಕೆ ಚುಕ್ಕೆಯಾಗಿ ಬಣ್ಣ ತುಂಬಿದ. ಬೆಟ್ಟದಷ್ಟಾದ ಆ ರಾಶಿಯನ್ನು ಇಂಟರ್ನೆಟ್ಟಿನಲ್ಲಿ ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದ. ಚಿತ್ರಗಳ ಹಕ್ಕು ಮಾತ್ರ ಯಾವ್ಯಾವುದೋ ಕಂಪನಿಗಳದು.

ಎಚ್ಚರಿಕೆಯ ಮೇಲ್ ಬಂದಾಗ ವಸಂತಾ ಹೌಹಾರಿದ್ದಳು. "ಇಂಟರ್ನೆಟ್ ಕನೆಕ್ಷನ್ ನನ್ನ ಹೆಸರಲ್ಲಿದೆ ರೀ. ನಾಳೆ ಪೊಲೀಸರು ಬಂದ್ರೆ?"

"ಅವರು ಗುಜರಿಗೆ ಹಾಕಿದ್ದನ್ನ ನಾನು ಎತ್ತಿಟ್ಟಿದ್ದೀನಿ, ಅಷ್ಟೇ."

"ಎತ್ತಿಡಿ, ಬೇಡ ಅಂದೋರ್ಯಾರು? ಊರಿಗೆಲ್ಲ ಹಂಚೋದ್ಯಾಕೆ?"

"ನನ್ನೊಬ್ಬನ ಹತ್ರ ಇದ್ರೆ ನನ್ನ ಜೊತೆಗೇ ಹೋಗತ್ತಲ್ಲೇ," ಎಂದು ಮತ್ತೆ ಬೆನ್ನು ತಿರುಗಿಸಿ ಕೂತ.

ಆ ಬೆನ್ನೇ ಅವಳ ಸಂಸಾರ. ನಿನ್ನೆ ಮಧ್ಯಾಹ್ನವೂ ಸೊಪ್ಪು ಬಿಡಿಸುತ್ತ ಅದಕ್ಕೇ ಎಲ್ಲ ಹೇಳಿದ್ದಳು: ಗ್ಯಾಸ್ ಮುಗಿಯುತ್ತ ಬಂತು, ಅಸ್ಸಿ ಘಾಟ್ ಕಡೆ ಹೋದರೆ ನಿಂಬೆಹಣ್ಣು ತನ್ನಿ, ಮಂಡಿನೋವು ಹೆಚ್ಚಾಗಿದೆ. ಉತ್ತರ ಬರಲಿಲ್ಲ. ಬಾರದಿರುವುದೇನೂ ಹೊಸತಲ್ಲ. ಪರದೆ ಬೆಳಗುತ್ತಿತ್ತು, ಪೆಟ್ಟಿಗೆ ಸದ್ದು ಮಾಡುತ್ತಿತ್ತು, ಇದ್ದಾನೆ ಎಂದುಕೊಂಡಳು. ಸಂಜೆ ಟೀ ತಂದು ಭುಜ ಅಲುಗಿಸಿದಾಗಲೇ ಗೊತ್ತಾದದ್ದು. ಜೀವ ಹೋಗಿ ಬಹಳ ಹೊತ್ತಾಗಿದೆ ಎಂದರು ಗುರುಪ್ರಕಾಶ. ಅಷ್ಟು ಹೊತ್ತೂ ತಾನು ಮಾತಾಡುತ್ತಲೇ ಇದ್ದೆ ಎಂಬುದನ್ನು ವಸಂತಾ ಯಾರಿಗೂ ಹೇಳಲಿಲ್ಲ.

* * *

"ಪೂರ್ತಿ ಸಂಗ್ರಹ ಇರೋದು ಅಂಕಲ್ ಹತ್ರ ಮಾತ್ರ, ಮಿಕ್ಕವರ ಹತ್ರ ಬರೀ ಚೂರುಪಾರು," ಎಂದಳು ಅದಿತಿ. "ಇವರ್ಯಾರೋ ಬ್ರೆಜಿಲ್‌ನವರು. ಇನ್ನು ಸ್ವಲ್ಪ ಬಾಕಿ ಇದೆ. ಇವರಿಗೆ ಪೂರ್ತಿ ಸಿಕ್ಕಿದ್ರೆ ಮಿಕ್ಕವರಿಗೂ ಇವರಿಂದ ಸಿಗತ್ತೆ. ಈಗ ಆರಿಸಿದ್ರೆ ಮತ್ತೆ ತೆಗೆಯೋಕೆ ಪಾಸ್‌ವರ್ಡ್ ಬೇಕು. ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

"ಆದ್ರೆ ಆಂಟಿ, ಕಾನೂನು ಪ್ರಕಾರ ಇದು ತಪ್ಪೇ. ಆರಿಸಿಬಿಟ್ರೆ ನಿಮಗೆ ಕ್ಷೇಮ."

"ಪರದೆ ಕೆಳಗೆ ಅದೇನೋ ಬರ್ತಾ ಇದೆಯಲ್ಲ, ಏನದು?" ಎಂದಳು ವಸಂತಾ.

ಅದಿತಿ ಓದಿ ಕನ್ನಡದಲ್ಲಿ ಹೇಳಿದಳು. "ನಿನ್ನೆಯಿಂದ ಅವರೇ ಬರೀತಾ ಇದಾರೆ. 'ಹಯಾ, ನೀಲಿ ಹುಲಿ ಬಂತು, ಮಗಳಿಗೆ ತೋರಿಸಿದೆ. ಊಟ ಆಯ್ತಾ? ಯಾಕೆ ಉತ್ತರ ಇಲ್ಲ? ಅಲ್ಲೇ ಇದ್ದೀಯಲ್ಲ, ನಿನ್ನ ಮಷೀನ್ ಓಡ್ತಿರೋದು ಕಾಣ್ತಿದೆ.'"

ಹೆಣ ಎತ್ತುವಾಗಲೂ ಅಳದೆ ನಿಂತಿದ್ದ ವಸಂತಾಳಿಗೆ ಈಗ ದುಃಖ ಉಕ್ಕಿ ಬಂತು. ಸ್ವಿಚ್ಚಿನ ಮೇಲಿಂದ ಕೈ ತೆಗೆದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹೇಳಿಬಿಡಮ್ಮ ಅವನಿಗೆ," ಎಂದಳು, ಅಳು ತುಸು ತಗ್ಗಿದ ಮೇಲೆ. "ಪಾಪ, ಸುಮ್ನೆ ಮಾತಾಡಿಸ್ತಾ ಕೂತಿದಾನೆ."

ಅದಿತಿ ಬರೆದಳು. ಕೃಷ್ಣಮ್ಮ ಬಕೆಟ್ ಕೆಳಗಿಟ್ಟು ತಾವೂ ಪರದೆ ನೋಡುತ್ತ ನಿಂತರು.

"ತುಂಬ ದುಃಖ ಆಯ್ತು ಅಂತಾರೆ ಆಂಟಿ. ಈಗ ಅಲ್ಲಿ ಯಾರಿದ್ದೀರಿ ಅಂತ ಕೇಳ್ತಿದಾರೆ."

"ನಾನಿದ್ದೀನಿ ಅಂತ ಬರಿ. ಹೆಂಡತಿ ಅಂತ. ಪೂರ್ತಿ ತಗೊಳ್ಳೋವರೆಗೂ ಇರ್ತಾಳೆ ಅಂತ."

"ನಿಮ್ಮ ಹೆಸರಿಗೆ ನೋಟಿಸ್ ಬಂದ್ರೆ?"

"ಬರಲಿ ಬಿಡು. ಹಾಗಾದ್ರೂ ಯಾರೋ ನಮ್ಮನೆ ಬಾಗಿಲು ತಟ್ಟಿದ ಹಾಗಾಗತ್ತೆ."

ವಸಂತಾ ಗಂಡನ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. ಅದಿತಿ ವೈರುಗಳು ಕಳಚದಂತೆ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲಿಟ್ಟಳು. ಬೆಚ್ಚಗಿತ್ತು. ಕೃಷ್ಣಮ್ಮ ಏನೇನೋ ಗೊಣಗಿದರು, ಆದರೂ ಉಳಿದ ನೀರನ್ನು ಬಾಗಿಲ ಕಡೆಯಿಂದ ಕೈಯಲ್ಲಿ ಚಿಮುಕಿಸಿ, ಬಟ್ಟೆ ಹಿಂಡಿಕೊಂಡು ಕುರ್ಚಿಯ ಸುತ್ತ ಮಂಡಿಯೂರಿ ಒರೆಸತೊಡಗಿದರು. ವಸಂತಾ ಎರಡೂ ತೋಳುಗಳಿಂದ ಪೆಟ್ಟಿಗೆಯನ್ನು ಅವುಚಿಕೊಂಡು, ಅಲುಗಾಡದೆ, ಪರದೆಯ ಮೇಲೆ ನಿಧಾನವಾಗಿ ತುಂಬುತ್ತಿದ್ದ ಹಸಿರು ಗೆರೆಯನ್ನು ನೋಡುತ್ತಿದ್ದಳು.