ಹೊನ್ನಿ ಕಳಿಸಿದ ಗೋಣಿಯವ

ಕಿನ್ನರವೆಂಬ ಊರಲ್ಲಿರುವ ಮೊಮ್ಮಗ ಪುಟ್ಟು ಉಣ್ಣುವುದಿಲ್ಲವೆಂದು ಮಗಳು ವಿನುತಾ ಗೋಳಾಡಿದ್ದೇ ತಡ, ಬೊಬ್ರುವಾಡದ ಹೊನ್ನಿ ಫೋನಿನ ಮೈಕು ಒತ್ತಿ ಹಿಡಿದಳು. ಅಕ್ಷರ ಬಾರದವಳಿಗೆ ವಾಟ್ಸಾಪೆಂದರೆ ಆ ಮೈಕೊಂದೇ. ಹೆದರಿಸಿ ಉಣ್ಣಿಸುವುದರಲ್ಲಂತೂ ಅವಳದು ಎತ್ತಿದ ಕೈ.

"ಗೋಣಿಯಂವ ಬಂದಾನೆ! ಎಡಗಾಲು ಕುಂಟ್ತಾನೆ, ತಲೆಗೆ ಹಸಿರು ಟುವಾಲು. ಪೋರಗಳನ್ನ ಗೋಣಿಲಿ ತುಂಬ್ಕಂಡು ಹೋತಾನೆ. ಗೋಣಿಯಿಂದ ಕೆಂಪಗೆ ಸೋರ್ತದೆ. ನಾನೇ ಕಣ್ಣಾರೆ ಕಂಡೆ!"

ಆಮೇಲೆ ಇನ್ನೊಂದು: "ಉಣ್ಣು ಪುಟ್ಟು, ಉಂಡ್ರೆ ಅಂವ ಬರೂದಿಲ್ಲ."

ಸುಳ್ಳಿಗೂ ಒಂದು ರೂಪ ಬೇಕಲ್ಲ, ತನ್ನ ತಮ್ಮ ಬೀರಾನದನ್ನೇ ಕೊಟ್ಟಿದ್ದಳು. ಬೀರಾ ಊರೂರು ತಿರುಗಿ ಕೆಂಪು ರಸದ ಮುರುಗಲ ಹಣ್ಣು ಕೊಂಡು ಗೋಣಿ ತುಂಬುವವನು, ಫೋನು ಇಟ್ಟುಕೊಂಡವನಲ್ಲ. ಪುಟ್ಟು ಗಬಗಬ ಉಂಡ. ವಿನುತಾ ನಗು ತಡೆಯಲಾರದೆ ಎರಡೂ ವಾಯ್ಸನ್ನು ನೆಂಟರ ಗ್ರೂಪಿಗೆ ಹಾಕಿದಳು.

ನಾಲ್ಕನೆಯ ದಿನ ಅಂಕೋಲೆ ಪೇಟೆಯಲ್ಲಿ ಹೊನ್ನಿ ಬಸಳೆ ಮಾರುತ್ತಿದ್ದಾಗ, ಪಕ್ಕದಲ್ಲಿ ಕೂರುವ ಜಯಶ್ರೀ ಫೋನು ಚಾಚಿದಳು. "ಹೊನ್ನಕ್ಕ, ಕೇಳಿಲ್ಲಿ. ಮಕ್ಕಳ ಕಳ್ಳ ಬಂದಾನಂತೆ. ರಾಮನಗುಳಿಲಿ ಎಲ್ಲ ಕೋಲು ಹಿಡ್ಕಂಡು ಕಾಯ್ತಾ ಇದ್ರಂತೆ."

ಹೊನ್ನಿ ಕೇಳಿದಳು. ತನ್ನದೇ ದನಿ! ಎರಡರಲ್ಲಿ ಮೊದಲನೆಯದು ಮಾತ್ರ ಊರು ಸುತ್ತಿತ್ತು; ಪುಟ್ಟುವಿನ ಊಟ ಯಾರಿಗೆ ಬೇಕಿತ್ತು? ಬೀರಾ ಬೆಳಿಗ್ಗೆ ಬಸ್ಸು ಹತ್ತಿದ್ದು ರಾಮನಗುಳಿಗೇ.

"ಅದು ನಾನೇ ಹೇಳದ್ದು, ಬರೀ ಸುಳ್ಳು! ಅಂವ ನನ್ನ ತಮ್ಮ. ಯಾರೂ ಮುಟ್ಬೇಡಿ!" ಎಂದು ಅದೇ ಫೋನಿನ ಮೈಕಿಗೆ ಹೇಳಿದಳು. ಜಯಶ್ರೀ ಅದನ್ನು ತನಗೆ ಗೊತ್ತಿದ್ದ ಗ್ರೂಪಿಗೆಲ್ಲ ಕಳಿಸಿದಳು, ಪೊಲೀಸರಿಗೂ ಫೋನು ಮಾಡಿದಳು. ಹೊರಟೆವು ಎಂದರು. ಗ್ರೂಪಿನಲ್ಲಿ ಒಬ್ಬ, 'ಈ ಮುದುಕಿಯೂ ಕಳ್ಳರ ಕಡೆಯವಳೇ' ಎಂದು ಬರೆದ. ಉಳಿದವರು ಕೇಳಲೂ ಇಲ್ಲ. ಹೊನ್ನಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಒಂದು ವಿಡಿಯೊ ಬಂತು. ರಾಮನಗುಳಿಯ ರಸ್ತೆ, ಸುತ್ತ ಜನ, ನಡುವೆ ಹಸಿರು ಟುವಾಲು. ಗೋಣಿಯ ತಳ ಕೆಂಪಗೆ ಒದ್ದೆಯಾಗಿತ್ತು.

"ಮುರುಗಲ ಹಣ್ಣು, ಬಿಚ್ಚಿ ನೋಡಿ," ಎಂದು ಬೀರಾ ಕೈಮುಗಿಯುತ್ತಿದ್ದ. ಯಾರೂ ಬಿಚ್ಚಲಿಲ್ಲ. "ನಡಿಯೋ ನೋಡ್ವ," ಎಂದನೊಬ್ಬ. ಬೀರಾ ಎರಡು ಹೆಜ್ಜೆ ಕುಂಟಿದ. ಇನ್ನೊಬ್ಬ ಫೋನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ವಾಯ್ಸು ಹಚ್ಚಿದ.

ಆ ದನಿ ಕೇಳಿದ್ದೇ ಬೀರಾನ ಮುಖ ಅರಳಿತು. ಬದುಕಿದೆ ಎಂದುಕೊಂಡನೇನೋ.

"ನಮ್ಮಕ್ಕ! ಅದು ನಮ್ಮಕ್ಕನ ದನಿ! ಕೇಳಿ, ಅವಳೇ ಹೇಳ್ತಾಳೆ!"

ಜನ ಸುಮ್ಮನಾಗಿ ಕೇಳಿದರು.

"ನಾನೇ ಕಣ್ಣಾರೆ ಕಂಡೆ," ಎಂದಳು ಹೊನ್ನಿ ಫೋನಿನಲ್ಲಿ. ವಿಡಿಯೊ ಅಲ್ಲಿಗೆ ಮುಗಿದಿತ್ತು.